ಎಡಬಾಗಿಲು

ದಾನ ಕೊಟ್ಟ ಕುದುರೆಯ ಹಲ್ಲು ಎಣಿಸಬಾರದು, ಸರಿ.
ಇದು ದಾನವಲ್ಲ. ಹದಿನೆಂಟು ಮಿಲಿಯನ್ ತುಗ್ರುಗ್.
ಅದಕ್ಕೇ ನನ್ನ ಕರೆಸಿದ್ದಾರೆ, ಹಲ್ಲು ಎಣಿಸಲಿಕ್ಕೆ.

ಉಲಾನ್‌ಬಾತರಿನ ಅಂಚಿನ ಕಾರುಸಂತೆ,
ಬೆಳಿಗ್ಗೆ ಮೈನಸ್ ಇಪ್ಪತ್ತಾರು.
ಕಲ್ಲಿದ್ದಲ ಹೊಗೆಯೊಳಗೆ ಸಾಲುಸಾಲು ಬಾನೆಟ್ಟು
ಬಾಯಿ ತೆರೆದು ನಿಂತಿವೆ.
ನನ್ನ ಹೆಸರು ಚಿಮ್ಗೆ. ಫೀಸು ಮೂವತ್ತು ಸಾವಿರ,
ಕೊಂಡರೂ ಸೈ, ಬಿಟ್ಟರೂ ಸೈ.

ಮೊದಲು ಮೂಗು: ಸುಟ್ಟ ಎಣ್ಣೆಯ ವಾಸನೆ ಇಲ್ಲ.
ಆಮೇಲೆ ಬೆರಳು: ಬಾಗಿಲ ರಬ್ಬರಿನಡಿ ತುಕ್ಕು,
ಇದೆ, ಸಾಸಿವೆಯಷ್ಟು.
ಆಮೇಲೆ ಕಿವಿ. ಕೊರೆದುಹೋದ ಎಂಜಿನ್ನು ಒಮ್ಮೆ ಕೆಮ್ಮಿತು,
ಎರಡನೆಯ ಸಲ ಗಂಟಲು ಸರಿಮಾಡಿಕೊಂಡು
ಮಾತಿಗೆ ಕೂತಿತು.
ಮೀಟರು ಹೇಳುತ್ತದೆ, ತೊಂಬತ್ತೊಂದು ಸಾವಿರ ಕಿಲೋಮೀಟರು.
ಬ್ರೇಕಿನ ಸವೆದ ಪೆಡಲು ಹೇಳುವುದೇ ಬೇರೆ.
ನಾನು ಪೆಡಲಿನ ಕಡೆ.

ಕೊಳ್ಳುವವರು ತುಮುರ್‌ಹುಯಾಗ್, ಹೆಂಡತಿ ನರಂಗೆರೆಲ್,
ಮೂರು ಮಕ್ಕಳು, ಹೊಟ್ಟೆಯಲ್ಲೊಂದು,
ಮತ್ತೆ ಅಜ್ಜಿ ಹಂದ್ಸುರೆನ್:
ಅರವತ್ತು ವರ್ಷ ಜೀನಿನ ಮೇಲೆ ಕಳೆದು
ಸೊಂಟ ಮುರಿದ ಮೇಲೆ ಮನೆಯ ಮಂಚ ಬಿಡದವಳು.
ಕುದುರೆ ಕಂಡರೆ ಕಾಲುನೋವು ಅನ್ನುತ್ತಾರಲ್ಲ,
ಇವಳದು ಉಲ್ಟಾ. ಕಾರು ಕಂಡರೆ ಎಲ್ಲ ಕಡೆ ನೋವು.

ಏಳು ಸೀಟು, ಏಳೇ ಜನ
(ಹೊಟ್ಟೆಯದನ್ನು ಈಗಲೇ ಎಣಿಸಿದರೆ,
ನನ್ನನ್ನು ಎಣಿಸದಿದ್ದರೆ).
ನಾನು ಕೂತದ್ದು ಹಿಂದೆ, ಸ್ಟೆಪ್ನಿಯ ಮೇಲೆ.

ಊರಾಚೆಯ ಏರಿಗೆ ಬಿಟ್ಟೆವು.
ಎರಡನೆಯ ಗೇರಿನಲ್ಲಿ ಗೊಣಗಿತು, ನಿಲ್ಲಲಿಲ್ಲ.
ಕಲ್ಲುಗುಪ್ಪೆಯ ದೇವರೆದುರು ಮೂರು ಸಲ ಹಾರ್ನು:
ಹಾರ್ನಿನ ಪರೀಕ್ಷೆಯೂ ಆಯಿತು, ಕೈಮುಗಿದಂತೆಯೂ ಆಯಿತು.
ಹಳ್ಳ ಬಂದಾಗ ಅಜ್ಜಿ ಥರ್ಮಾಸ್ ತೆಗೆದು
ಬಟ್ಟಲಿಗೆ ಉಪ್ಪುಚಹಾ ಬಗ್ಗಿಸಿದಳು.
ಯಾರೂ ಉಸಿರಾಡಲಿಲ್ಲ.
ಚೆಲ್ಲಿತು. ಬೆರಳುದ್ದ ಅಷ್ಟೆ.
ಸಸ್ಪೆನ್ಷನ್ನಿಗೆ ಹತ್ತಕ್ಕೆ ಏಳು ಬರೆದುಕೊಂಡೆ.

ದಾರಿ ತೋರಿಸುವ ಪರದೆಯ ಹೆಂಗಸು ಇನ್ನೂ ಜಪಾನಿನಲ್ಲಿದ್ದಾಳೆ.
ಬಲಕ್ಕೆ ತಿರುಗಿ ಅಂದಳೋ, ಸಮುದ್ರ ಬಂತು ಅಂದಳೋ,
ಕಿರಿಯ ಹುಡುಗಿ ಅನುದಾರಿ ಪ್ರತಿಸಲವೂ
ಹೂಂ, ಹೂಂ ಎಂದು ಮರ್ಯಾದೆ ಕೊಟ್ಟಳು.
ಮೂರನೆಯ ಸಾಲಿನ ಸೀಟಿನ ಸಂದಿಯಿಂದ
ಯಾವಳೋ ಪುಟ್ಟಿಯ ಹೇರ್‌ಕ್ಲಿಪ್ಪು, ಹಳದಿ ಬಾತು,
ಕೈಗೆ ಬಂತು. ಕೂದಲೊಂದು ಇನ್ನೂ ಅಂಟಿತ್ತು.
ನನ್ನ ಹಾಳೆಯಲ್ಲಿ ಅದಕ್ಕೆ ಕಾಲಂ ಇಲ್ಲ.

ಹೀಟರಿನ ಬಿಸಿ ಮುಂದಿನವರ ಮೊಣಕಾಲಿಗೆ ಧಾರಾಳ,
ಹಿಂದಿನವರ ಪಾದಕ್ಕೆ ಬರುವಷ್ಟರಲ್ಲಿ
ಬಡವರ ಮನೆಯ ತುಪ್ಪ.
ಡೀಸೆಲ್ಲು ಕುಡಿಯುವುದು ಹದ. ಟೈರಿಗೆ ಒಂದೇ ಚಳಿಗಾಲ ಆಯಸ್ಸು.
ದೊಡ್ಡ ದೋಷ ಬಾಗಿಲದು.
ಅಲ್ಲಿ ಎಡಗಡೆ ಓಡುವ ಗಾಡಿ, ಇಲ್ಲಿ ಬಲಗಡೆ ಓಡುತ್ತದೆ;
ಸರಿಯುವ ಬಾಗಿಲು ಒಂದೇ, ಅದೂ ಎಡಕ್ಕೆ.
ಅಂದರೆ ಇಳಿಯುವುದು ನಡುರಸ್ತೆಗೆ, ಲಾರಿಗಳ ಬಾಯಿಗೆ.
ಮೈನಸ್ ಎರಡು.

ವಾಪಸು ಬಂದು ನಿಂತಾಗ ತುಮುರ್‌ಹುಯಾಗ್ ಓಡಿದ,
ಅಮ್ಮನನ್ನು ಎತ್ತಿ ಇಳಿಸಲು.
ಅವಳು ಕೈ ಕೊಡವಿದಳು.
ಬಾಗಿಲ ಚೌಕಟ್ಟು ಹಿಡಿದು, ಬಲಗಾಲು ಈಚೆಗೆ ತಂದು,
ಜೀನಿನಿಂದ ಜಾರುವ ಹಾಗೆ
ಎಡಕ್ಕೆ ಇಳಿದು ನೆಟ್ಟಗೆ ನಿಂತಳು.
"ಎಡಗಡೆಯಿಂದಲೇ ತಾನೆ ಇಳಿಯುವುದು," ಅಂದಳು,
"ಇಷ್ಟು ದಿನ ನೀವೆಲ್ಲ ನನ್ನನ್ನು ತಪ್ಪು ಕಡೆ ಇಳಿಸಿದಿರಿ."

ಮೈನಸ್ ಎರಡನ್ನು ನಾನು ಹೊಡೆದುಹಾಕಲಿಲ್ಲ.
ಲಾರಿಗೆ ಕುದುರೆ ಗೊತ್ತಿಲ್ಲ.
ನರಂಗೆರೆಲ್‌ಗೆ ಒತ್ತಿ ಹೇಳಿದೆ: ನಿಲ್ಲಿಸಿದರೆ ಗಲ್ಲಿಯಲ್ಲೇ ನಿಲ್ಲಿಸಿ.
ಅವಳು ತಲೆಯಾಡಿಸಿದಳು, ಕಣ್ಣು ಮಾತ್ರ ಅತ್ತೆಯ ಕಾಲ ಮೇಲೆ.

ಆಗ ಮಾರುವವನು ಬಂದ, ಕೈ ಉಜ್ಜುತ್ತ.
ನಾನು ಪಿಸುಗುಟ್ಟಿದೆ: ಯಾರೂ ನಗಬೇಡಿ.
ಹಲ್ಲು ಕಂಡರೆ ಅವನು ಒಂದು ಕಾಸೂ ಇಳಿಸುವುದಿಲ್ಲ.
ಮಕ್ಕಳೂ ಸೇರಿ ಎಲ್ಲರೂ ತುಟಿ ಬಿಗಿದು ನಿಂತರು.

ಅಜ್ಜಿಯೊಬ್ಬಳೇ ಬಾಯಿತುಂಬ ನಕ್ಕಳು.
ಅವಳಿಗೆ ಹಲ್ಲಿರಲಿಲ್ಲ.